ಸ್ಮೃತಿಸಾಧನೆ: ವಿಹಾರದಿಂದ ಚಿಕಿತ್ಸಾಲಯಕ್ಕೆ

ಪಾಲಿ ಭಾಷೆಯ ‘ಸತಿ’ ಎಂಬ ಶಬ್ದವು ಸಂಸ್ಕೃತದ ‘ಸ್ಮೃತಿ’ಗೆ ಸಂವಾದಿಯಾದುದು. ‘ಶರಣಸತಿ’ ಎಂಬ ಮಾತಿಗೆ ಒಗ್ಗಿದ ನಮ್ಮ ವಾಚಕರಿಗೆ ಅದು ಬೇರೊಂದು ಅರ್ಥವನ್ನು ಹೊಳೆಯಿಸಿದರೆ ಆಶ್ಚರ್ಯವಿಲ್ಲ. ಬೌದ್ಧರಲ್ಲಿ ಅದು ಕೇವಲ ನೆನಪಲ್ಲ. ಕಾಯ, ವೇದನೆ, ಚಿತ್ತಗಳಲ್ಲಿ ಆಗುತ್ತಿರುವುದನ್ನು ಮೈಮರೆಯದೆ ಕಾಣುತ್ತಿರುವ ಎಚ್ಚರ. ಅರಿವು–ಮರೆವುಗಳ ಜೋಡಿಯನ್ನು ವಚನಗಳಲ್ಲಿ ಕಂಡವರಿಗೆ ಈ ಅರ್ಥ ದೂರದ್ದೆನಿಸದು. ಈ ಶಬ್ದಕ್ಕೆ ‘ಮೈಂಡ್‌ಫುಲ್‌ನೆಸ್’ ಎಂಬ ಇಂಗ್ಲಿಷ್ ರೂಪವನ್ನು 1881ರಲ್ಲಿ ಕೊಟ್ಟವರು ರೈಸ್ ಡೇವಿಡ್ಸ್ ಎಂಬ ಪಾಲಿ ವಿದ್ವಾಂಸರು. ಇಂದು ಮನೋವೈದ್ಯರ ಬಾಯಲ್ಲಿರುವುದೂ ಅದೇ ಹೆಸರು. ಆದರೆ ವಿಹಾರದ ಸಾಧನೆಯು ಆಸ್ಪತ್ರೆಯ ಚಿಕಿತ್ಸೆಯಾದ ಬಗೆ ಅಷ್ಟು ಸರಳವಾದುದಲ್ಲ.

ಅದರ ಮೂಲವನ್ನು ಬ್ರಹ್ಮದೇಶದಲ್ಲಿ ಅರಸಬೇಕು. 1885ರಲ್ಲಿ ಮಾಂಡಲೆ ಬ್ರಿಟಿಷರ ವಶವಾಗಿ, ದೊರೆ ಥೀಬಾ ಗಡೀಪಾರಾಗಿ ರತ್ನಾಗಿರಿಗೆ ಬಂದನು. ರಾಜಾಶ್ರಯ ತಪ್ಪಿದ ಮೇಲೆ ಬುದ್ಧಶಾಸನವನ್ನು ಕಾಯುವವರಾರು? ಲೇಡಿ ಸಯಾಡೊ (1846–1923) ಎಂಬ ಭಿಕ್ಷುಗಳು ಕಂಡ ಉತ್ತರ: ಗೃಹಸ್ಥರೇ ಕಾಯಬೇಕು. ಭಿಕ್ಷುಗಳ ಸೊತ್ತಾಗಿದ್ದ ಅಭಿಧರ್ಮವನ್ನು ಅವರು ದೇಶಭಾಷೆಯಲ್ಲಿ ಬರೆದು ಜನಕ್ಕೆ ಕೊಟ್ಟರು; ಧ್ಯಾನವನ್ನೂ ಕಲಿಸಿದರು. ಅವರ ಶಿಷ್ಯರಲ್ಲೊಬ್ಬರು ಸಯಾ ಥೆಟ್‌ಜಿ ಎಂಬ ಒಕ್ಕಲಿಗರು. ಥೆಟ್‌ಜಿಯವರಿಂದ ಕಲಿತ ಊ ಬಾ ಖಿನ್ (1899–1971) ಸ್ವತಂತ್ರ ಬ್ರಹ್ಮದೇಶದ ಮಹಾಲೇಖಪಾಲರಾಗಿದ್ದು, ಕಚೇರಿಯ ನೌಕರರಿಗೂ ಧ್ಯಾನ ಹೇಳಿಕೊಟ್ಟರು. 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರವೊಂದನ್ನು ತೆರೆದರು. ಪರಕೀಯರ ದಾಳಿ ಸಾಧನೆಯನ್ನು ಅಳಿಸುವ ಬದಲು ಬೀದಿಗೆ ತಂದಿತೆಂಬುದು ಇತಿಹಾಸದ ವೈಚಿತ್ರ್ಯವೇ ಸರಿ.

1955ರಲ್ಲಿ ಮಾಂಡಲೆಯಲ್ಲೇ ಹುಟ್ಟಿದ ಮಾರವಾಡಿ ವರ್ತಕ ಸತ್ಯನಾರಾಯಣ ಗೋಯೆಂಕಾ ಅವರ ಬಳಿಗೆ ಬಂದರು. ತೀವ್ರವಾದ ಅರೆತಲೆಶೂಲೆಗೆ ಮಾರ್ಫೀನ್ ಚುಚ್ಚಿಸಿಕೊಳ್ಳುವ ಸ್ಥಿತಿ ಅವರದಾಗಿತ್ತು. ತಲೆನೋವು ಕಳೆಯಲೆಂದೇ ಬಂದರೆ ಸೇರಿಸಿಕೊಳ್ಳಲಾಗದು, ಚಿತ್ತಶುದ್ಧಿಯೇ ಗುರಿ, ಉಪಶಮನ ಅದರ ಬೆನ್ನಿಗೆ ಬರುವಂಥದು ಎಂದು ಗುರುಗಳು ಹೇಳಿದರೆಂಬುದನ್ನು ಗೋಯೆಂಕಾ ಅವರೇ ಮುಂದೆ ಹಲವು ಸಲ ಹೇಳಿದ್ದಾರೆ. ಅವರು 1969ರಲ್ಲಿ ಆ ವಿದ್ಯೆಯನ್ನು ಭಾರತಕ್ಕೆ ತಂದರು. ಇಗತ್‌ಪುರಿಯ ಕೇಂದ್ರ 1976ರಲ್ಲಿ ನೆಲೆಗೊಂಡಿತು.

ಊ ಬಾ ಖಿನ್ ಹಿಂಜರಿದ ಬಾಗಿಲನ್ನೇ ಅಮೆರಿಕದ ಅಣುಜೀವವಿಜ್ಞಾನಿ ಜಾನ್ ಕಬಾಟ್‌–ಜಿನ್ 1979ರಲ್ಲಿ ತೆರೆದರು. ವೈದ್ಯರ ಕೈಮೀರಿದ ದೀರ್ಘವೇದನೆಯವರನ್ನು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರೆದು, ಧ್ಯಾನವನ್ನೂ ಸರಳ ಯೋಗಾಸನಗಳನ್ನೂ ಹತ್ತು ವಾರ ಕಲಿಸಿದರು. ಅಲ್ಲಿ ಬೌದ್ಧಧರ್ಮದ ದೀಕ್ಷೆಯಿಲ್ಲ, ಪರಿಭಾಷೆಯಿಲ್ಲ. 51 ಮಂದಿ ರೋಗಿಗಳನ್ನು ಕುರಿತು 1982ರಲ್ಲಿ ಪ್ರಕಟವಾದ ಅವರ ಲೇಖನ ಆಶಾದಾಯಕವಾಗಿದ್ದರೂ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದವರ ಗುಂಪು ಅದರಲ್ಲಿರಲಿಲ್ಲ. ಹೆಚ್ಚು ಗಟ್ಟಿಯಾದ ಪರೀಕ್ಷೆ ನಡೆದುದು ಖಿನ್ನತೆಯ ವಿಷಯದಲ್ಲಿ. ಟೀಸ್‌ಡೇಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 145 ಮಂದಿಯಿದ್ದರು. ಹಿಂದೆ ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿದ್ದವರಲ್ಲಿ, ವಾಡಿಕೆಯ ಉಪಚಾರವಷ್ಟೇ ಇದ್ದಾಗ ಶೇಕಡಾ 66ರಷ್ಟು ಮಂದಿಗೆ ರೋಗ ಮರುಕಳಿಸಿದರೆ, ಧ್ಯಾನವೂ ಜೊತೆಗಿದ್ದಾಗ ಶೇಕಡಾ 37. ಎರಡೇ ಬಾರಿ ಒಳಗಾಗಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಇದನ್ನು ಸರ್ವರೋಗನಿವಾರಕವೆಂದು ಸಾರುವವರು ಈ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ.

ಧರ್ಮವನ್ನು ಕಳಚಿದ ಧ್ಯಾನ ಬರಿಯ ವ್ಯಾಪಾರವೆಂದು ತಳ್ಳುವುದು ನ್ಯಾಯವಲ್ಲ. ನೊಂದವರ ನೋವು ತಗ್ಗಿದುದು ಸುಳ್ಳಲ್ಲ. ಆದರೆ ಗೋಯೆಂಕಾ ಪರಂಪರೆಯ ಹತ್ತು ದಿನಗಳ ಶಿಬಿರ ಇಂದಿಗೂ ಪಂಚಶೀಲದ ಸ್ವೀಕಾರದಿಂದ ಆರಂಭವಾಗುತ್ತದೆ. ಆಸ್ಪತ್ರೆಯ ಶಿಕ್ಷಣದಲ್ಲಿ ಅಂಥ ನಿಯಮವಿಲ್ಲ. ಶೀಲವಿಲ್ಲದ ಎಚ್ಚರವನ್ನು ಸಮ್ಯಕ್‌ಸ್ಮೃತಿ ಎನ್ನಬಹುದೇ ಎಂಬ ಚರ್ಚೆ ಬೌದ್ಧ ವಿದ್ವಾಂಸರಲ್ಲಿ ಇನ್ನೂ ನಡೆದೇ ಇದೆ.