ಹೆಣ್ಣುಮಕ್ಕಳಲ್ಲಿ ಗಮನ ಕೊರತೆಯ ತೊಂದರೆ (ಎ.ಡಿ.ಎಚ್.ಡಿ.): ಗುರುತಿಸುವಿಕೆ, ತಪಾಸಣೆ ಮತ್ತು ದೊರೆಯುವ ಸೇವೆಗಳು

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎ.ಡಿ.ಎಚ್.ಡಿ.) ಎಂಬುದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಾಲ್ಯದಲ್ಲಿಯೇ ಆರಂಭವಾಗುವ ಒಂದು ಸ್ಥಿತಿಯಾಗಿದೆ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರತಿ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಲ್ಲಿ ಇದು ಕಂಡುಬರುತ್ತದೆ. ಈ ತೊಂದರೆಯುಳ್ಳ ಗಂಡುಮಕ್ಕಳು ಸಾಮಾನ್ಯವಾಗಿ ಬೇಗ ಗಮನಕ್ಕೆ ಬರುತ್ತಾರೆ. ಹೆಣ್ಣುಮಕ್ಕಳಾದರೋ ತಡವಾಗಿ ಗಮನಕ್ಕೆ ಬರುತ್ತಾರೆ, ಇಲ್ಲವೇ ಗಮನಕ್ಕೆ ಬರುವುದೇ ಇಲ್ಲ. "ಸೋಮಾರಿ", "ಮರೆಗುಳಿ", "ಓದು ತಲೆಗೆ ಹತ್ತದು" ಎಂಬ ಮಾತುಗಳಲ್ಲಿ ಅವರ ತೊಂದರೆ ಮರೆಯಾಗಿ, ಅನೇಕರು ಶಾಲೆಯನ್ನೇ ಬಿಡುವ ಸಂಭವವಿರುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಹಾಗೂ ಇವುಗಳಿಂದ ವಿಂಗಡಣೆಗೊಂಡ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳ ಪೋಷಕರು, ಶಿಕ್ಷಕರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರು ಈ ತೊಂದರೆಯನ್ನು ಗುರುತಿಸಿ ಸರ್ಕಾರಿ ಸೇವೆಗಳನ್ನು ಪಡೆಯಲು ಅನುಕೂಲವಾಗುವಂತೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ತೊಂದರೆಯ ಸ್ವರೂಪ

ಈ ತೊಂದರೆಯು ಮೂರು ರೂಪಗಳಲ್ಲಿ ಕಂಡುಬರುತ್ತದೆ.

(ಅ) ಗಮನ ಕೊರತೆ ಪ್ರಧಾನವಾದದ್ದು: ಮಗು ಶಾಂತವಾಗಿ ಕುಳಿತಿರುತ್ತದೆ, ಆದರೆ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ.
(ಆ) ಅತಿಚಟುವಟಿಕೆ ಮತ್ತು ದುಡುಕು ಪ್ರಧಾನವಾದದ್ದು: ಮಗು ಕುಳಿತಲ್ಲಿ ಕೂರುವುದಿಲ್ಲ, ಸರದಿಗಾಗಿ ಕಾಯುವುದಿಲ್ಲ, ಯೋಚಿಸುವ ಮೊದಲೇ ಮಾತನಾಡುತ್ತದೆ.
(ಇ) ಎರಡೂ ಲಕ್ಷಣಗಳು ಒಟ್ಟಿಗೆ ಇರುವಂಥದ್ದು.

ವೈದ್ಯಕೀಯ ಮಾನದಂಡದಂತೆ, ಲಕ್ಷಣಗಳು ಕನಿಷ್ಠ 6 ತಿಂಗಳು ಮುಂದುವರಿದಿರಬೇಕು. ಮನೆ ಮತ್ತು ಶಾಲೆಯಂತಹ ಎರಡು ಅಥವಾ ಹೆಚ್ಚಿನ ಕಡೆಗಳಲ್ಲಿ ಕಂಡುಬರಬೇಕು. ಮಗುವಿನ ಓದು ಮತ್ತು ದಿನನಿತ್ಯದ ಬದುಕಿಗೆ ಅಡ್ಡಿಯಾಗಿರಬೇಕು. ಮೊದಲು 7 ವರ್ಷದೊಳಗೆ ಲಕ್ಷಣಗಳಿಂದ ತೊಂದರೆ ಉಂಟಾಗಿರಬೇಕೆಂಬ ನಿಯಮವಿತ್ತು. ಅಮೆರಿಕದ ಮನೋವೈದ್ಯ ಸಂಘವು 2013 ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ, 12 ವರ್ಷದೊಳಗೆ ಹಲವು ಲಕ್ಷಣಗಳು ಕಂಡಿದ್ದರೆ ಸಾಕು ಎಂದು ಬದಲಾಯಿಸಲಾಯಿತು. ಚಿಕ್ಕಂದಿನಲ್ಲಿ ಹೇಗೋ ಸಾಗಿ, ಹಿರಿಯ ಪ್ರಾಥಮಿಕ ತರಗತಿಗೆ ಬಂದ ಮೇಲೆ ಹಿಂದೆ ಬೀಳುವ ಹೆಣ್ಣುಮಕ್ಕಳಿಗೆ ಈ ಬದಲಾವಣೆಯು ಮುಖ್ಯವಾದುದಾಗಿದೆ.

ಈ ತೊಂದರೆಗೆ ವಂಶವಾಹಿಯ ಪ್ರಭಾವ ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ ಮತ್ತು ಕಡಿಮೆ ತೂಕದ ಮಕ್ಕಳಲ್ಲಿ ಸಂಭವ ಅಧಿಕ. ತಾಯಿಯ ಅತಿಮುದ್ದು, ದೃಷ್ಟಿ ತಾಗುವುದು ಅಥವಾ ಗಾಳಿ ಸೋಕುವುದು ಇದಕ್ಕೆ ಕಾರಣವಲ್ಲ. ಇದು ದಡ್ಡತನವೂ ಅಲ್ಲ. ಒಳ್ಳೆಯ ಬುದ್ಧಿಶಕ್ತಿಯುಳ್ಳ ಮಕ್ಕಳಲ್ಲಿಯೂ ಇರುತ್ತದೆ.

3. ಹೆಣ್ಣುಮಕ್ಕಳು ಗಮನಕ್ಕೆ ಬಾರದಿರಲು ಕಾರಣಗಳು

(ಅ) ಆರಂಭದಿಂದಲೂ ಈ ತೊಂದರೆಯನ್ನು ಹೆಚ್ಚಾಗಿ ಗಂಡುಮಕ್ಕಳನ್ನು ನೋಡಿಯೇ ವಿವರಿಸಲಾಯಿತು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902 ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇಂತಹ ಮಕ್ಕಳನ್ನು ವರ್ಣಿಸಿದಾಗಲೂ ಅವರಲ್ಲಿ ಹುಡುಗರೇ ಹೆಚ್ಚಾಗಿದ್ದರು. ತರಗತಿಗೆ ತೊಂದರೆ ಕೊಡುವ ಹುಡುಗನನ್ನು ವೈದ್ಯರ ಬಳಿ ಕಳುಹಿಸಲಾಗುತ್ತದೆ. ಯಾರಿಗೂ ತೊಂದರೆ ಕೊಡದೆ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯನ್ನು ಕಳುಹಿಸುವುದಿಲ್ಲ.

(ಆ) ಹೆಣ್ಣುಮಕ್ಕಳಲ್ಲಿ ಗಮನ ಕೊರತೆ ಪ್ರಧಾನವಾದ ರೂಪವೇ ಹೆಚ್ಚಾಗಿ ಕಾಣುತ್ತದೆ. ಜೊತೆಗೆ, ಬೈಗುಳಕ್ಕೆ ಅಂಜಿ, ಗೆಳತಿಯರ ಪುಸ್ತಕ ನೋಡಿ ಬರೆದು, ರಾತ್ರಿ ಎದ್ದು ಓದಿ ಅವರು ತಮ್ಮ ಕೊರತೆಯನ್ನು ಮುಚ್ಚಿಕೊಳ್ಳುತ್ತಾರೆ.

(ಇ) ಸರ್ಕಾರಿ ಶಾಲೆಗಳಲ್ಲಿ 1 ರಿಂದ 3 ನೇ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಓಡಾಡುತ್ತಾ ಕಲಿಯುವುದರಿಂದ ತೊಂದರೆಯು ಎದ್ದು ಕಾಣದೆ ಇರಬಹುದು. 4 ನೇ ತರಗತಿಯಿಂದ ಪಠ್ಯಪುಸ್ತಕ ಹಿಡಿದು ದೀರ್ಘಕಾಲ ಕುಳಿತು ಓದಬೇಕಾದಾಗ ಅದು ಹೊರಬೀಳುತ್ತದೆ.

(ಈ) ಹಿರಿಯ ಮಗಳಾದವಳಿಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ನೀರು ತರುವುದು, ರೊಟ್ಟಿ ಮಾಡುವುದು ಮುಂತಾದ ಕೆಲಸಗಳಿರುತ್ತವೆ. ಓದಿನಲ್ಲಿ ಹಿಂದೆ ಬಿದ್ದರೆ ಮನೆಗೆಲಸವೇ ಕಾರಣವೆಂದು ಶಾಲೆಯು, ಕೆಲಸದಲ್ಲಿ ಮರೆತರೆ ಓದಿನ ಗುಂಗೇ ಕಾರಣವೆಂದು ಮನೆಯವರು ತಿಳಿಯುತ್ತಾರೆ. ಎರಡೂ ಕಡೆ ಒಂದೇ ತೊಂದರೆ ಇದೆಯೆಂಬುದು ಯಾರಿಗೂ ತಿಳಿಯುವುದಿಲ್ಲ.

(ಉ) ಈ ಭಾಗದ ಅನೇಕ ಕುಟುಂಬಗಳು ಕಬ್ಬು ಕಟಾವು ಹಾಗೂ ಕಟ್ಟಡ ಕೆಲಸಕ್ಕಾಗಿ ಮಹಾರಾಷ್ಟ್ರ ಮತ್ತು ಗೋವಾ ಕಡೆಗೆ ಗುಳೆ ಹೋಗುತ್ತವೆ. ಗುಳೆ ಹೋದ ಮಗುವನ್ನು ಒಬ್ಬರೇ ಶಿಕ್ಷಕರು ವರ್ಷವಿಡೀ ನೋಡಿರುವುದಿಲ್ಲ. ಆರೋಗ್ಯ ತಪಾಸಣಾ ತಂಡವು ಶಾಲೆಗೆ ಬಂದ ದಿನ ಮಗು ಊರಿನಲ್ಲಿ ಇರದಿರಬಹುದು. ಮಗುವಿನ ಹಿನ್ನಡೆಗೆಲ್ಲ ಗೈರುಹಾಜರಿಯೇ ಕಾರಣವೆಂದು ಭಾವಿಸಲಾಗುತ್ತದೆ.

(ಊ) ಬೇರೆ ದೇಶಗಳಲ್ಲಿಯೂ ಸಮಾಜದ ಅಂಚಿನಲ್ಲಿರುವ ಮಕ್ಕಳ ವಿಷಯದಲ್ಲಿ ಹೀಗೆಯೇ ಆಗಿದೆ. ಅಮೆರಿಕದಲ್ಲಿ ಶಿಶುವಿಹಾರದಿಂದ 8 ನೇ ತರಗತಿಯವರೆಗೆ ಮಕ್ಕಳನ್ನು ಗಮನಿಸಿ 2013 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ವರ್ಣೀಯ ಮಕ್ಕಳಿಗೆ ಈ ತೊಂದರೆಯ ರೋಗನಿರ್ಣಯವು ಬಿಳಿಯ ಮಕ್ಕಳಿಗಿಂತ ಬಹಳ ಕಡಿಮೆ ಆಗುತ್ತಿರುವುದು ತಿಳಿದುಬಂದಿತು. ಕಪ್ಪು ವರ್ಣೀಯ ಹೆಣ್ಣುಮಕ್ಕಳಿಗೆ ಹೆಣ್ಣೆಂಬುದು ಮತ್ತು ವರ್ಣ, ಹೀಗೆ ಎರಡು ಅಡ್ಡಿಗಳು ಸೇರುತ್ತವೆ. ಬಡ ಗ್ರಾಮೀಣ ಕುಟುಂಬದ ಹೆಣ್ಣುಮಗುವಿಗೂ ಇದೇ ರೀತಿ ಒಂದಕ್ಕಿಂತ ಹೆಚ್ಚು ಅಡ್ಡಿಗಳಿರುತ್ತವೆ.

4. ತಡವಾದಲ್ಲಿ ಆಗುವ ಪರಿಣಾಮಗಳು

ಗುರುತಿಸಲ್ಪಡದ ಹುಡುಗಿಯು ತನ್ನನ್ನು ತಾನೇ ದಡ್ಡಿಯೆಂದು ನಂಬುತ್ತಾಳೆ. ಆತಂಕ ಮತ್ತು ಖಿನ್ನತೆಗೆ ಒಳಗಾಗುವ ಸಂಭವ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ತೊಂದರೆಯುಳ್ಳ 140 ಹುಡುಗಿಯರನ್ನು ಮತ್ತು ತೊಂದರೆಯಿಲ್ಲದ 88 ಹುಡುಗಿಯರನ್ನು ದೀರ್ಘಕಾಲ ಗಮನಿಸಲಾಯಿತು. 2012 ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶದಂತೆ, ಬಾಲ್ಯದಲ್ಲಿ ಗಮನ ಕೊರತೆಯೊಡನೆ ಅತಿಚಟುವಟಿಕೆಯೂ ಇದ್ದ ಹುಡುಗಿಯರಲ್ಲಿ ಸ್ವಯಂ ಹಾನಿ ಮತ್ತು ಆತ್ಮಹತ್ಯೆಯ ಪ್ರಯತ್ನಗಳು ಗಮನಾರ್ಹವಾಗಿ ಹೆಚ್ಚಿದ್ದವು.

ಈ ಭಾಗದಲ್ಲಿ ಇನ್ನೊಂದು ಅಪಾಯವೂ ಇದೆ. ಓದಿನಲ್ಲಿ ಹಿಂದುಳಿದ ಗಂಡುಮಗನಿಗೆ ಮನೆಪಾಠ ಹೇಳಿಸಲಾಗುತ್ತದೆ. ಹಿಂದುಳಿದ ಹೆಣ್ಣುಮಗಳಿಗೆ ಶಾಲೆ ಬಿಡಿಸಿ ಮದುವೆಯ ಮಾತು ತೆಗೆಯಲಾಗುತ್ತದೆ. 18 ವರ್ಷ ತುಂಬದ ಹುಡುಗಿಯ ವಿವಾಹವು ಬಾಲ್ಯವಿವಾಹ ನಿಷೇಧ ಕಾಯ್ದೆ, 2006 ರನ್ವಯ ಶಿಕ್ಷಾರ್ಹ ಅಪರಾಧವಾಗಿದ್ದು, ಮಕ್ಕಳ ಸಹಾಯವಾಣಿ 1098 ಕ್ಕೆ ಮಾಹಿತಿ ನೀಡಬಹುದು. ಸಕಾಲದಲ್ಲಿ ತಪಾಸಣೆ ಮಾಡಿಸಿದಲ್ಲಿ ಶಾಲೆಯನ್ನು ಬಿಡಿಸಬೇಕಾದ ಸಂದರ್ಭವೇ ಬಾರದಿರಬಹುದು.

5. ಗಮನಿಸಬೇಕಾದ ಲಕ್ಷಣಗಳು

ಈ ಕೆಳಗಿನವುಗಳಲ್ಲಿ ಹಲವು ಲಕ್ಷಣಗಳು 6 ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದಿದ್ದಲ್ಲಿ ತಪಾಸಣೆ ಮಾಡಿಸುವುದು.

- ಹೆಸರು ಹಿಡಿದು ಕರೆದರೂ ಕೇಳಿಸಿಕೊಳ್ಳದಂತೆ ಇರುವುದು
- ಗೊತ್ತಿರುವ ಲೆಕ್ಕದಲ್ಲಿಯೂ ಅಜಾಗರೂಕತೆಯಿಂದ ತಪ್ಪು ಮಾಡುವುದು
- ಆರಂಭಿಸಿದ ಬರವಣಿಗೆ ಅಥವಾ ಮನೆಗೆಲಸವನ್ನು ಅರ್ಧಕ್ಕೆ ಬಿಡುವುದು
- ಪೆನ್ಸಿಲ್, ಪುಸ್ತಕ, ಚಪ್ಪಲಿ, ಬಸ್ ಪಾಸ್ ಮುಂತಾದವುಗಳನ್ನು ಪದೇ ಪದೇ ಕಳೆಯುವುದು
- ಅಂಗಡಿಗೆ ಕಳುಹಿಸಿದರೆ ಹೇಳಿದ ಮೂರು ಸಾಮಾನುಗಳಲ್ಲಿ ಒಂದನ್ನೇ ತರುವುದು
- ಅತಿಯಾಗಿ ಮಾತನಾಡುವುದು, ಇತರರ ಮಾತಿನ ನಡುವೆ ಬಾಯಿ ಹಾಕುವುದು
- ಸಣ್ಣ ಮಾತಿಗೆ ಅಳುವುದು, ಗೆಳತಿಯರೊಡನೆ ಸ್ನೇಹ ಉಳಿಸಿಕೊಳ್ಳಲು ಆಗದಿರುವುದು

ಒಂದೆರಡು ಲಕ್ಷಣಗಳು ಎಲ್ಲ ಮಕ್ಕಳಲ್ಲಿಯೂ ಇರುವುದು ಸಹಜ. ಈ ಪಟ್ಟಿಯನ್ನು ನೋಡಿ ಪೋಷಕರಾಗಲಿ ಶಿಕ್ಷಕರಾಗಲಿ ತಾವೇ ತೀರ್ಮಾನಕ್ಕೆ ಬರಬಾರದು.

6. ತಪಾಸಣೆಗೆ ಎಲ್ಲಿ ಸಂಪರ್ಕಿಸಬೇಕು

(ಅ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್.ಬಿ.ಎಸ್.ಕೆ.): 2013 ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಲಾಗುತ್ತದೆ. ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲಾ ಮಕ್ಕಳಿಗೆ ವರ್ಷಕ್ಕೆ ಒಂದು ಬಾರಿ ಸಂಚಾರಿ ಆರೋಗ್ಯ ತಂಡವು ಭೇಟಿ ನೀಡುತ್ತದೆ. ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಕಲಿಕಾ ತೊಂದರೆ ಮತ್ತು ಎ.ಡಿ.ಎಚ್.ಡಿ. ಎರಡೂ ಸೇರಿವೆ. ಶಿಕ್ಷಕರು ಭೇಟಿಯ ದಿನಕ್ಕೆ ಮೊದಲೇ ಇಂತಹ ಮಕ್ಕಳ ಹೆಸರುಗಳನ್ನು, ವಿಶೇಷವಾಗಿ ಮೌನವಾಗಿರುವ ಹೆಣ್ಣುಮಕ್ಕಳ ಹೆಸರುಗಳನ್ನು, ಬರೆದಿಟ್ಟು ತಂಡದ ಗಮನಕ್ಕೆ ತರುವುದು. ಗುಳೆ ಹೋಗಿ ಮರಳಿದ ಪೋಷಕರು ಮುಂದಿನ ಭೇಟಿಗಾಗಿ ಕಾಯದೆ, ಆಶಾ ಕಾರ್ಯಕರ್ತೆಯ ಮೂಲಕ ತಂಡವನ್ನು ಸಂಪರ್ಕಿಸುವುದು.

(ಆ) ತಾಲ್ಲೂಕು ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಾಗೂ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನದಂದು ಭೇಟಿ ನೀಡುವ ವ್ಯವಸ್ಥೆಯಿದೆ. ಹೊರಡುವ ಮೊದಲು ಆ ದಿನವನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯಿಂದ ಖಚಿತಪಡಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

(ಇ) ವಿಜಯಪುರದ ಜಿಲ್ಲಾ ಆಸ್ಪತ್ರೆ: ಮಕ್ಕಳ ವೈದ್ಯರು ಮತ್ತು ಮನೋವೈದ್ಯರಿಂದ ಪೂರ್ಣ ತಪಾಸಣೆ. ಅಗತ್ಯವಿದ್ದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಲಾಗುತ್ತದೆ.

(ಈ) ಟೆಲಿ ಮನಸ್ ಸಹಾಯವಾಣಿ: 2022 ರ ಅಕ್ಟೋಬರ್ 10 ರಂದು ಆರಂಭವಾದ ಈ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಸಲಹೆ ಪಡೆಯಬಹುದು.

ಜೊತೆಯಲ್ಲಿ ತರಬೇಕಾದವು: ತಾಯಿ ಕಾರ್ಡ್ (ಇದ್ದಲ್ಲಿ), ಶಾಲೆಯ ಪ್ರಗತಿ ಪತ್ರ, ಮಗುವಿನ ಒಂದೆರಡು ನೋಟ್‌ಬುಕ್‌ಗಳು, ತರಗತಿ ಶಿಕ್ಷಕರ ಬರಹ, ಹಿಂದಿನ ಚಿಕಿತ್ಸೆಯ ಚೀಟಿಗಳು, ಆಧಾರ್ ಮತ್ತು ಪಡಿತರ ಚೀಟಿ. ಮಗುವಿನ ದಿನಚರಿಯನ್ನು ಬಲ್ಲ ತಾಯಿ ಅಥವಾ ಅಜ್ಜಿ ಜೊತೆಗೆ ಬರುವುದು ಅಪೇಕ್ಷಣೀಯ.

7. ತಪಾಸಣೆ ಮತ್ತು ಚಿಕಿತ್ಸೆ

ಈ ತೊಂದರೆಯನ್ನು ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್‌ನಿಂದ ಕಂಡುಹಿಡಿಯಲಾಗದು. ಪೋಷಕರ ಮತ್ತು ಶಿಕ್ಷಕರ ಹೇಳಿಕೆ, ಪ್ರಶ್ನಾವಳಿ ಹಾಗೂ ಮಗುವಿನೊಡನೆ ಮಾತುಕತೆಯ ಆಧಾರದ ಮೇಲೆ ವೈದ್ಯರು ನಿರ್ಣಯಿಸುತ್ತಾರೆ. ರಕ್ತಹೀನತೆ, ದೃಷ್ಟಿ ಮತ್ತು ಶ್ರವಣ ದೋಷ, ಥೈರಾಯ್ಡ್ ಸಮಸ್ಯೆ, ನಿದ್ರೆಯ ಕೊರತೆ ಮತ್ತು ಮೂರ್ಛೆರೋಗದ ಕೆಲವು ಬಗೆಗಳು ಇದೇ ಲಕ್ಷಣಗಳನ್ನು ತೋರುವುದರಿಂದ ಮೊದಲು ಅವುಗಳನ್ನು ಪರೀಕ್ಷಿಸಲಾಗುತ್ತದೆ.

6 ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರಿಗೆ ತರಬೇತಿ ನೀಡುವುದೇ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ವೈದ್ಯರು ಮಿಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟೀನ್ ಮಾತ್ರೆಗಳನ್ನು ಸೂಚಿಸಬಹುದು. ಈ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ತಾವಾಗಿಯೇ ನಿಲ್ಲಿಸಲೂ ಬಾರದು. ಗುಳೆ ಹೋಗುವ ಕುಟುಂಬಗಳು ಹೊರಡುವ ಮೊದಲೇ ವೈದ್ಯರಿಗೆ ತಿಳಿಸಿ ಔಷಧ ಮತ್ತು ಚೀಟಿಯನ್ನು ಪಡೆಯುವುದು.

ಶಾಲೆಯಲ್ಲಿ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಬಾರಿಗೆ ಒಂದೇ ಸೂಚನೆ ನೀಡುವುದು, ದೊಡ್ಡ ಕೆಲಸವನ್ನು ಸಣ್ಣ ಭಾಗಗಳಾಗಿ ವಿಂಗಡಿಸುವುದು ಮತ್ತು ಪೂರೈಸಿದ ಕೆಲಸವನ್ನು ಕೂಡಲೇ ಮೆಚ್ಚುವುದು ಪರಿಣಾಮಕಾರಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಶಿಕ್ಷಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ (ಬಿ.ಐ.ಇ.ಆರ್.ಟಿ.) ನೆರವು ಪಡೆಯಬಹುದು.

8. ಅಂಗವಿಕಲತೆಯ ಪ್ರಮಾಣಪತ್ರದ ಬಗ್ಗೆ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ನಮೂದಿಸಲಾಗಿದೆ. ಅವುಗಳಲ್ಲಿ ಎ.ಡಿ.ಎಚ್.ಡಿ. ಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಆದುದರಿಂದ ಕೇವಲ ಈ ಹೆಸರಿನ ಮೇಲೆ ಪ್ರಮಾಣಪತ್ರ ದೊರೆಯುವುದೆಂದು ಪೋಷಕರು ಭಾವಿಸಬಾರದು. ಆದರೆ ಈ ತೊಂದರೆಯುಳ್ಳ ಮಕ್ಕಳಲ್ಲಿ ಗಣನೀಯ ಸಂಖ್ಯೆಯವರಿಗೆ ಓದು, ಬರಹ ಅಥವಾ ಲೆಕ್ಕದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇರುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಹಾಗೂ ಬೌದ್ಧಿಕ ನ್ಯೂನತೆಗಳು ಕಾಯ್ದೆಯ ಪಟ್ಟಿಯಲ್ಲಿವೆ. ಆದ್ದರಿಂದ ತಪಾಸಣೆಯ ವೇಳೆ ಇವುಗಳನ್ನೂ ಪರೀಕ್ಷಿಸುವಂತೆ ಕೋರುವುದು.

ಇವು ಇರುವುದು ದೃಢಪಟ್ಟಲ್ಲಿ ಸ್ವಾವಲಂಬನ್ ಜಾಲತಾಣದ ಮೂಲಕ ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಬಹುದು. ಕಾಯ್ದೆಯ ಹಲವು ಸೌಲಭ್ಯಗಳಿಗೆ ನ್ಯೂನತೆಯ ಪ್ರಮಾಣವು ಶೇ. 40 ಅಥವಾ ಹೆಚ್ಚು ಇರಬೇಕು. ಪ್ರಮಾಣಪತ್ರ ಹೊಂದಿದ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳನ್ನು ನಿಯಮಾನುಸಾರ ಮುಖ್ಯೋಪಾಧ್ಯಾಯರ ಮೂಲಕ ಕೋರಬಹುದು. ತಪಾಸಣೆ ಮತ್ತು ಚಿಕಿತ್ಸೆಗೆ ಪ್ರಮಾಣಪತ್ರದ ಅವಶ್ಯಕತೆ ಇರುವುದಿಲ್ಲ.

9. ವಯಸ್ಕ ಮಹಿಳೆಯರು

ಬಾಲ್ಯದಲ್ಲಿ ಗುರುತಿಸಲ್ಪಡದ ತೊಂದರೆಯು ಅನೇಕರಲ್ಲಿ ವಯಸ್ಸಾದ ಮೇಲೂ ಮುಂದುವರಿಯುತ್ತದೆ. ಒಲೆಯ ಮೇಲೆ ಇಟ್ಟದ್ದನ್ನು ಮರೆಯುವುದು, ಸ್ವಸಹಾಯ ಸಂಘದ ಕಂತಿನ ದಿನ ತಪ್ಪುವುದು, ಮಾತ್ರೆ ನುಂಗಲು ಮರೆಯುವುದು, ಯಾವ ಕೆಲಸವೂ ಮುಗಿಯದೆಂಬ ದಣಿವು ಮುಂತಾದವು ಬಾಲ್ಯದಿಂದಲೂ ಇದ್ದಲ್ಲಿ ಮನೋವೈದ್ಯರನ್ನು ಕಾಣುವುದು. ಮಗುವಿನ ತಪಾಸಣೆಯ ವೇಳೆ ತಾಯಿಯು ತನ್ನ ಬಾಲ್ಯದ ತೊಂದರೆಗಳನ್ನೂ ಹೇಳಿಕೊಂಡರೆ ಇಬ್ಬರಿಗೂ ಪ್ರಯೋಜನವಾಗುತ್ತದೆ.

10. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮನೋವೈದ್ಯರ ಬಳಿ ಹೋದದ್ದು ತಿಳಿದರೆ ಮಗಳ ಮದುವೆಗೆ ಅಡ್ಡಿಯಾಗುವುದಿಲ್ಲವೇ?
ಉತ್ತರ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರನ್ವಯ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಕಾನೂನಿನಲ್ಲಿ ಹೇಳಿದ ಸಂದರ್ಭಗಳ ಹೊರತು ಇತರರಿಗೆ ತಿಳಿಸುವಂತಿಲ್ಲ.

ಪ್ರಶ್ನೆ: ದೊಡ್ಡವಳಾದ ಮೇಲೆ ತಾನಾಗಿಯೇ ಸರಿಹೋಗುವುದಿಲ್ಲವೇ?
ಉತ್ತರ: ಕೆಲವರಲ್ಲಿ ಲಕ್ಷಣಗಳು ಕಡಿಮೆಯಾಗುತ್ತವೆ, ಅನೇಕರಲ್ಲಿ ಉಳಿಯುತ್ತವೆ. ಕಾಯುತ್ತಾ ಕಳೆದ ಶಾಲಾ ವರ್ಷಗಳನ್ನು ಮರಳಿ ಪಡೆಯಲಾಗದು.

ಪ್ರಶ್ನೆ: ಮಗು ಈಗಾಗಲೇ ಶಾಲೆ ಬಿಟ್ಟಿದ್ದರೆ?
ಉತ್ತರ: ತಪಾಸಣೆಗೆ ಅಡ್ಡಿಯಿಲ್ಲ. ಮರಳಿ ದಾಖಲಾತಿಗಾಗಿ ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕಾಣುವುದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸುವುದು.