ಒಳಪೆಟ್ಟಿನ ಉಪಚಾರ: ಒಂದು ಐತಿಹಾಸಿಕ ವಿವೇಚನೆ

ಮಹಾವ್ಯಾಧಿಗಳ ಚರಿತ್ರೆಯನ್ನು ಬರೆದವರು ಅನೇಕರು. ಆದರೆ ಮಗುವು ಮೆಟ್ಟಿಲಿನಿಂದ ಬಿದ್ದು ಮೊಣಕಾಲನ್ನು ಊದಿಸಿಕೊಂಡಾಗ ಮನೆಯವರು ಏನು ಮಾಡುತ್ತಿದ್ದರು ಎಂಬುದರ ಚರಿತ್ರೆಗೆ ಅಷ್ಟು ಮಾನ್ಯತೆ ದೊರೆತಂತೆ ಕಾಣುವುದಿಲ್ಲ. ಚರ್ಮವು ಹರಿಯದೆ, ನೆತ್ತರು ಹೊರಬೀಳದೆ, ಒಳಗೇ ನೋಯುವ ಗಾಯಕ್ಕೆ ನಮ್ಮ ಜನರು ಒಳಪೆಟ್ಟು ಎನ್ನುವರು, ಮೂಗೇಟು ಎನ್ನುವರು. ಎರಡನೆಯ ಮಾತಿನಲ್ಲಿ ಬಾಯಿಲ್ಲದ ಏಟೆಂಬ ಧ್ವನಿಯಿರುವುದರಿಂದ ಅದು ಬಹು ಸಾರ್ಥಕವಾಗಿದೆ. ಈ ಮೂಕ ಗಾಯಕ್ಕೆ ತಂಪು ಮಾಡಬೇಕೆ, ಶಾಖ ಕೊಡಬೇಕೆ ಎಂಬ ವಿವಾದವು ಇಂದಿಗೂ ಮನೆಮನೆಗಳಲ್ಲಿ ನಡೆಯುತ್ತಲೇ ಇದೆ. ಆ ವಿವಾದದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಶಲ್ಯಶಾಸ್ತ್ರಕ್ಕೆ ಮೂಲವಾದ ಸುಶ್ರುತಸಂಹಿತೆಯು ಎಷ್ಟು ಹಳೆಯದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕ್ರಿ. ಶ. 878ರಲ್ಲಿ ಬರೆದ ಅದರ ಓಲೆಯ ಪ್ರತಿಯೊಂದು ನೇಪಾಳದಲ್ಲಿದ್ದು, 2013ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಸ್ಮೃತಿಯ ಪಟ್ಟಿಗೆ ಸೇರಿತು. ಈ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಎಲುಬಿನ ಮುರಿತವನ್ನು ಕುರಿತ ಅಧ್ಯಾಯವೊಂದುಂಟು. ಬಿದ್ದುದರಿಂದಾಗಲಿ ಪೆಟ್ಟು ತಗುಲಿದುದರಿಂದಾಗಲಿ ಅಂಗವು ಊದಿಕೊಂಡು, ಚರ್ಮದಲ್ಲಿ ಗಾಯವಿಲ್ಲದಿದ್ದರೆ, ವೈದ್ಯನು ತಂಪಾದ ಲೇಪಗಳನ್ನೂ ತಂಪಾದ ಪರಿಷೇಕವನ್ನೂ ಮಾಡತಕ್ಕದ್ದೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಮುರಿತದ ಮೇಲೆ ಎರೆಯುವುದಕ್ಕೆ ಆಲ, ಅತ್ತಿ, ಅರಳಿ ಮೊದಲಾದ ಮರಗಳ ತೊಗಟೆಯ ಕಷಾಯವನ್ನು ಚೆನ್ನಾಗಿ ಆರಿಸಿ ಬಳಸಬೇಕೆಂದು ಹೇಳಿದೆ. ಹಿತವಾಗಿ ಬೆಚ್ಚಗಿರುವ ತೈಲಕ್ಕೂ ಅಲ್ಲಿ ಎಡೆಯುಂಟು. ಆದರೆ ಅದನ್ನು ತಿಳಿದವನು, ಕಾಲವನ್ನೂ ದೋಷವನ್ನೂ ವಿಂಗಡಿಸಿಕೊಂಡು ಪ್ರಯೋಗಿಸಬೇಕು. ಶೀತವೂ ಉಷ್ಣವೂ ಒಂದಕ್ಕೊಂದು ಶತ್ರುಗಳಲ್ಲ. ಒಂದೊಂದಕ್ಕೂ ಅದರದರ ವೇಳೆಯುಂಟು ಎಂಬುದೇ ಈ ವಿಧಿಯ ಸಾರವೆಂದು ನನ್ನ ಅಭಿಪ್ರಾಯ.

ಯವನ ದೇಶದಲ್ಲಿ ಹಿಪ್ಪೊಕ್ರೆಟೀಸನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರಗಳಲ್ಲಿಯೂ ಇಂಥದೇ ಮಾತಿದೆ. ಹುಣ್ಣಾಗದ ಕೀಲುಬಾವಿಗೂ ಉಳುಕಿಗೂ ತಣ್ಣೀರನ್ನು ಧಾರಾಳವಾಗಿ ಎರೆದರೆ ನೋವು ಶಮನವಾಗುವುದೆಂದು ಅಲ್ಲಿ ಹೇಳಿದೆ. ದೂರದೂರದ ಎರಡು ಪರಂಪರೆಗಳು ಒಂದೇ ನಿರ್ಣಯಕ್ಕೆ ಬಂದುದನ್ನು ನೋಡಿದರೆ, ಅದಕ್ಕೆ ಪ್ರತ್ಯಕ್ಷಾನುಭವವೇ ಆಧಾರವಾಗಿದ್ದಿರಬೇಕು.

ಕನ್ನಡ ನಾಡಿನಲ್ಲಿ ಇಂತಹ ಅನುಭವವು ಬಹುಕಾಲ ಗರಡಿಮನೆಗಳಲ್ಲಿ ಉಳಿದು ಬಂದಿತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮೈಸೂರಿನ ಜಟ್ಟಿಗಳು ಮಲ್ಲರೆಂದು ಹೇಗೋ, ಮುರಿದ ಮೂಳೆಯನ್ನು ಕೂಡಿಸುವವರೆಂದೂ ಹಾಗೆಯೇ ಹೆಸರಾದವರು. ದಿನವೂ ಪೆಟ್ಟು ತಿನ್ನುವವನಿಗೆ ಪೆಟ್ಟಿನ ಗುಣವು ತಿಳಿಯುವುದು ಸಹಜವೇ ಸರಿ. ಆದರೆ ಮನೆಗಳಲ್ಲಿ ಬಳಕೆಗೆ ಬಂದಾಗ ಕಾಲವಿವೇಕವು ಅನೇಕ ವೇಳೆ ಕಳೆದುಹೋಗಿ, ಔಷಧವೊಂದೇ ಉಳಿಯಿತು. ಬಿದ್ದ ಗಳಿಗೆಯಲ್ಲಿಯೇ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡುವುದು, ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುವ ಅಪಚಾರಗಳು.

ಇದು ಅಪಚಾರವೇಕೆಂಬುದನ್ನು ಹೊಸ ವೈದ್ಯಶಾಸ್ತ್ರವು ವಿಶದಪಡಿಸಿದೆ. ಪೆಟ್ಟಿನಿಂದ ಒಡೆದ ಸೂಕ್ಷ್ಮ ರಕ್ತನಾಳಗಳಿಂದ ನೆತ್ತರು ಸುತ್ತಲಿನ ಮಾಂಸಕ್ಕೆ ಸೋರುತ್ತದೆ. ಶೀತವು ನಾಳಗಳನ್ನು ಕುಗ್ಗಿಸುವುದು. ಶಾಖವೂ ಮರ್ದನವೂ ಸೋರಿಕೆಯನ್ನು ಹೆಚ್ಚಿಸುವುವು. ಸೋರಿಕೆ ನಿಂತ ಮೇಲೆ, ಎಂದರೆ ಸುಮಾರು ಎರಡು ದಿನಗಳ ತರುವಾಯ, ಹಿತವಾದ ಶಾಖವು ರಕ್ತಸಂಚಾರವನ್ನು ಹೆಚ್ಚಿಸಿ ನೆರವಾಗಬಲ್ಲುದು. ಹೆಪ್ಪುಗಟ್ಟಿದ ನೆತ್ತರನ್ನು ಶರೀರವೇ ಮೆಲ್ಲಮೆಲ್ಲನೆ ಒಡೆದು ತೆಗೆಯುವುದು; ಕೆಂಪು ನೀಲಿಯಾಗಿ, ನೀಲಿ ಹಸುರಾಗಿ, ಹಸುರು ಹಳದಿಯಾಗುವುದು ಆ ಕಾರ್ಯದ ಗುರುತು. ಜರ್ಮನಿಯ ವಿರ್ಖೋ ಎಂಬ ಪಂಡಿತನು 1847ರಲ್ಲಿ ಹಳೆಯ ರಕ್ತಸ್ರಾವದ ಸ್ಥಳಗಳಲ್ಲಿ ಇಂಥ ಬಣ್ಣದ ಹರಳುಗಳನ್ನು ವಿವರಿಸಿದನು. ಸಾಧಾರಣ ಪೆಟ್ಟು ಎರಡು ವಾರಗಳಲ್ಲಿ ಮಾಯುತ್ತದೆ.

ಹೊಸ ಶಾಸ್ತ್ರವೂ ತನ್ನ ಮಾತನ್ನು ತಿದ್ದಿಕೊಳ್ಳದೆ ಇಲ್ಲ. ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಅಂಗವನ್ನು ಎತ್ತರಿಸುವುದು ಎಂಬ ನಾಲ್ಕು ಅಂಗಗಳ ವಿಧಿಯನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಮಿರ್ಕಿನ್ ಅವರೇ, ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಮಂಜುಗಡ್ಡೆಯು ನೋವನ್ನು ತಗ್ಗಿಸಿದರೂ ಅತಿಯಾದರೆ ಮಾಯುವಿಕೆಯನ್ನು ತಡೆಯಬಹುದೆಂದು ಬರೆದರು. ಇಲ್ಲಿಯೂ ಕಾಲಪ್ರಮಾಣವೇ ಮುಖ್ಯವಾಯಿತು.

ಅರಿಸಿನದ ವಿಷಯವಾಗಿ ಒಂದು ಮಾತು. ಗಾಯ ಮಾಯಿಸುವುದಕ್ಕೆ ಅರಿಸಿನವನ್ನು ಬಳಸುವ ಹಕ್ಕನ್ನು ಅಮೆರಿಕದಲ್ಲಿ 1995ರಲ್ಲಿ ಪೇಟೆಂಟಾಗಿ ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಹಳೆಯ ಸಂಸ್ಕೃತ ಗ್ರಂಥಗಳನ್ನೂ ಸಾಕ್ಷ್ಯವಾಗಿ ಒಡ್ಡಿದ ಮೇಲೆ ಅದು 1997ರಲ್ಲಿ ರದ್ದಾಯಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಲ್ಲಿ ಸಿದ್ಧವಾದುದು ಆ ಜ್ಞಾನದ ಪ್ರಾಚೀನತೆಯೇ ಹೊರತು ಅದರ ಸಾಮರ್ಥ್ಯವಲ್ಲ. ಹರಿಯದ ಚರ್ಮದ ಮೇಲೆ ಅರಿಸಿನದ ಪಟ್ಟು ಹಾಕಿದರೆ ಹೆಚ್ಚಿನ ಹಾನಿಯಿಲ್ಲ. ಅದನ್ನೇ ನಂಬಿ ಅಪಾಯದ ಚಿಹ್ನೆಗಳನ್ನು ಕಡೆಗಣಿಸಿದರೆ ಹಾನಿಯುಂಟು.

ಆದುದರಿಂದ ಗೃಹಸ್ಥರು ನೆನಪಿಡತಕ್ಕದ್ದು ಇಷ್ಟು. ಮೊದಲ ಎರಡು ದಿನ ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ಹದಿನೈದು ನಿಮಿಷಗಳಂತೆ ಬಿಟ್ಟುಬಿಟ್ಟು ಇಡುವುದು, ಅಂಗವನ್ನು ದಿಂಬಿನ ಮೇಲೆ ಎತ್ತರಿಸುವುದು, ತಿಕ್ಕದಿರುವುದು, ಅನಂತರ ಬೇಕಾದರೆ ಹಿತವಾದ ಶಾಖ. ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆಗಳೇಳುವವರೂ, ರಕ್ತವನ್ನು ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಪೆಟ್ಟಾದರೆ ಅವರೂ, ಅಂಗವನ್ನು ಅಲುಗಿಸಲಾರದವರೂ ವೈದ್ಯರ ಬಳಿಗೆ ಹೋಗಲೇಬೇಕು.

ಕಾಲದಂತೆ ಸ್ಥಾನವನ್ನೂ ಅರಿಯಬೇಕು. ಸುಶ್ರುತನು ಶರೀರದಲ್ಲಿ 107 ಮರ್ಮಗಳನ್ನು ಎಣಿಸಿ, ಅವುಗಳಲ್ಲಿ 19ನ್ನು ಸದ್ಯಃಪ್ರಾಣಹರಗಳೆಂದನು. ಕಣತಲೆಯ ಶಂಖಮರ್ಮಗಳು ಆ ಗುಂಪಿಗೆ ಸೇರಿದವು. ಕಣತಲೆಗೆ ಪೆಟ್ಟು ಬಿದ್ದವನು ಎದ್ದು ಕುಳಿತು, ನಕ್ಕು ಮಾತನಾಡಿ, ಕೆಲವು ಗಂಟೆಗಳ ಮೇಲೆ ಪ್ರಜ್ಞೆ ತಪ್ಪುವುದುಂಟೆಂದು ಇಂದಿನ ವೈದ್ಯರೂ ಎಚ್ಚರಿಸುತ್ತಾರೆ. ತಲೆಬುರುಡೆಯೊಳಗೆ ಕಟ್ಟುತ್ತಿರುವ ನೆತ್ತರು ಹೊರಗೆ ಕಾಣುವುದಿಲ್ಲ. ತಲೆಗೆ ಪೆಟ್ಟಾದ ಮೇಲೆ ವಾಂತಿ, ತೂಕಡಿಕೆ, ಹೆಚ್ಚುತ್ತಿರುವ ತಲೆನೋವು ಕಂಡಲ್ಲಿ ಪಟ್ಟು ಅರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಮನೆಯಲ್ಲಿ ಮಾಡುವುದೆಷ್ಟು, ಮನೆ ಬಿಟ್ಟು ಹೊರಡುವುದೆಂದು ಎಂಬ ಎರಡನ್ನೂ ಹಿರಿಯರು ವಿವೇಚಿಸಿದ್ದರು. ಅವರ ಔಷಧವನ್ನು ಉಳಿಸಿಕೊಂಡ ನಾವು ಅವರ ವಿವೇಕವನ್ನೂ ಉಳಿಸಿಕೊಳ್ಳುವುದು ಯುಕ್ತ.