ಗುರಿಯಾದದ್ದು, ಗುರುವಾದದ್ದು: ಪೈಲಟ್ ಇಲ್ಲದ ಪುಟ್ಟ ಯುದ್ಧವಿಮಾನಗಳ ಕಥೆ

ಎರಡನೆಯ ಮಹಾಯುದ್ಧ ಕಾಲದ ಸ್ಪಿಟ್‌ಫೈರ್ ವಿಮಾನವನ್ನು ಐದನೆಯ ಒಂದು ಭಾಗಕ್ಕೆ ಇಳಿಸಿ, ಬಾಲ್ಸಾ ಮರ ಮತ್ತು ಪ್ಲೈವುಡ್‌ನಿಂದ ಕಟ್ಟಿ, ರೇಡಿಯೋ ಸಂಕೇತಗಳಿಂದ ಹಾರಿಸುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ನೋಡುವವರಿಗೆ ಇದು ದುಬಾರಿ ಆಟಿಕೆ ಎನಿಸಬಹುದು. ಆದರೆ ಈ ಆಟಿಕೆಯ ಇತಿಹಾಸವನ್ನು ಕೆದಕಿದರೆ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ಅಪಾಯಕಾರಿಯಾದ ಹಾರಾಟವನ್ನು ಮನುಷ್ಯನ ಪ್ರಾಣವನ್ನು ಪಣಕ್ಕಿಡದೆ ಕಲಿಯಲು ಸಾಧ್ಯವೆ? ಈ ಪ್ರಶ್ನೆಗೆ ಉತ್ತರ ಹುಡುಕುವಲ್ಲಿ ಹವ್ಯಾಸಿಗಳು, ಸೈನ್ಯ ಮತ್ತು ಭೌತವಿಜ್ಞಾನ ಮೂರೂ ಕೈಗೂಡಿಸಿದವು.

ರೇಡಿಯೋ ಏರಿದ ವಿಮಾನ

ವಸ್ತುವೊಂದನ್ನು ತಂತಿಯಿಲ್ಲದೆ ದೂರದಿಂದ ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದರ ಮೂಲಕ ತೋರಿಸಿದ. ವಿಮಾನದ ವಿಷಯ ಅಷ್ಟು ಸುಲಭವಾಗಿರಲಿಲ್ಲ. ದೋಣಿ ಕೆಟ್ಟರೆ ನೀರಿನ ಮೇಲೆ ತೇಲುತ್ತಿರುತ್ತದೆ. ವಿಮಾನ ಕೆಟ್ಟರೆ ನೆಲಕ್ಕೆ ಬೀಳುತ್ತದೆ.

1935ರಲ್ಲಿ ಬ್ರಿಟನ್ ‘ಕ್ವೀನ್ ಬೀ’ ಎಂಬ ಪೈಲಟ್‌ರಹಿತ ವಿಮಾನವನ್ನು ಹಾರಿಸಿತು. ಟೈಗರ್ ಮಾತ್ ವಿಮಾನದ ರೆಕ್ಕೆಗಳನ್ನೇ ಹೊಂದಿದ್ದ ಇದನ್ನು ನೆಲದ ಮೇಲಿದ್ದವರು ಟೆಲಿಫೋನಿನಂಥ ಡಯಲ್ ತಿರುಗಿಸಿ ನಿಯಂತ್ರಿಸುತ್ತಿದ್ದರು. ವಿಮಾನ ವಿರೋಧಿ ತೋಪುಗಳ ಸೈನಿಕರಿಗೆ ಗುರಿ ಅಭ್ಯಾಸ ಮಾಡಿಸುವುದೇ ಇದರ ಕೆಲಸ. ಇಂದು ಎಲ್ಲರ ಬಾಯಲ್ಲಿರುವ ‘ಡ್ರೋನ್’ ಎಂಬ ಪದ ಗಂಡು ಜೇನನ್ನು ಸೂಚಿಸುತ್ತದೆ. ಅದು ಬಳಕೆಗೆ ಬಂದದ್ದು ಈ ‘ರಾಣಿ ಜೇನಿ’ನ ನೆನಪಿನಿಂದ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಹವ್ಯಾಸದ ಅಂಗಡಿಯಿಂದ ಆರಂಭವಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು ಅನಂತರ ಹಾಲಿವುಡ್ ನಟನಾದ ರೆಜಿನಾಲ್ಡ್ ಡೆನ್ನಿ ಮಾದರಿ ವಿಮಾನಗಳ ಅಂಗಡಿ ಇಟ್ಟುಕೊಂಡಿದ್ದ. ಅವನ ರೇಡಿಯೋಪ್ಲೇನ್ ಕಂಪನಿ ತಯಾರಿಸಿದ ‘ಒಕ್ಯೂ-2’ ಸುಮಾರು 3.7 ಮೀಟರ್ ರೆಕ್ಕೆಯಗಲದ ಗುರಿ ವಿಮಾನ. ಯುದ್ಧ ಮುಗಿಯುವ ವೇಳೆಗೆ ಈ ಬಗೆಯ ಸಾವಿರಾರು ವಿಮಾನಗಳು ತಯಾರಾಗಿದ್ದವು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಾರ್ಮಾ ಜೀನ್ ಎಂಬ ಯುವತಿಯ ಛಾಯಾಚಿತ್ರವನ್ನು ಸೈನ್ಯದ ಛಾಯಾಗ್ರಾಹಕನೊಬ್ಬ ತೆಗೆದ. ಆಕೆಯೇ ಮುಂದೆ ಮರ್ಲಿನ್ ಮನ್ರೋ ಆದಳೆಂಬುದು ವಿಜ್ಞಾನದ ಇತಿಹಾಸದ ಅಂಚಿನಲ್ಲಿ ನಿಲ್ಲುವ ಸಂಗತಿ.

ಇದೇ ಅವಧಿಯಲ್ಲಿ ಮಿಷಿಗನ್ ರಾಜ್ಯದ ಕಲಾಮಜೂ ಊರಿನ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ‘ಗಫ್’ ಎಂಬ 2.4 ಮೀಟರ್ ರೆಕ್ಕೆಯಗಲದ ಮಾದರಿಯನ್ನು ರೇಡಿಯೋದಿಂದ ನಡೆಸಿ, 1938ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದರು. ಆಗಿನ ಗ್ರಾಹಕದಲ್ಲಿ ಇದ್ದದ್ದು ನಿರ್ವಾತ ಕೊಳವೆಗಳು ಮತ್ತು ಭಾರವಾದ ಬ್ಯಾಟರಿಗಳು. ಗಫ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಭೌತವಿಜ್ಞಾನಿಯಾದ ವಾಲ್ಟರ್ ಯುದ್ಧಕಾಲದಲ್ಲಿ ದುಡಿದದ್ದು ಸಿಡಿಗುಂಡಿನೊಳಗೆ ಕೂರುವ, ವಿಮಾನ ಸಮೀಪಿಸಿದೊಡನೆ ಸ್ಫೋಟಿಸುವ ರೇಡಿಯೋ ಫ್ಯೂಸಿನ ಮೇಲೆ. ಆಟಿಕೆಗೂ ಆಯುಧಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಓದುಗರು ಗಮನಿಸಬೇಕು.

ಗಾತ್ರ ಇಳಿದರೆ ಎಲ್ಲವೂ ಇಳಿಯದು

ಮಾದರಿ ವಿಮಾನವು ನಿಜ ವಿಮಾನದ ಬಗ್ಗೆ ಏನನ್ನಾದರೂ ಹೇಳಬೇಕಾದರೆ ಅಳತೆಯ ನಿಯಮಗಳನ್ನು ಅರಿತಿರಬೇಕು. ಇವುಗಳ ಮೂಲ 1638ರಲ್ಲಿ ಪ್ರಕಟವಾದ ಗೆಲಿಲಿಯೋನ ಗ್ರಂಥದಲ್ಲಿದೆ. ಉದ್ದವನ್ನು 5 ಪಟ್ಟು ಇಳಿಸಿದರೆ ರೆಕ್ಕೆಯ ಕ್ಷೇತ್ರಫಲ 25 ಪಟ್ಟು, ಗಾತ್ರ 125 ಪಟ್ಟು ಇಳಿಯುತ್ತದೆ.

ಸ್ಪಿಟ್‌ಫೈರ್ ವಿಮಾನದ ರೆಕ್ಕೆಯಗಲ 11.23 ಮೀಟರ್, ತೂಕ ಸುಮಾರು 3000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಐದನೆಯ ಒಂದರಷ್ಟಿರುವ ಮಾದರಿಯ ರೆಕ್ಕೆಯಗಲ 2.25 ಮೀಟರ್. ನಿಯಮದಂತೆ ತೂಕ 3000ವನ್ನು 125ರಿಂದ ಭಾಗಿಸಿದಷ್ಟು, ಅಂದರೆ 24 ಕಿಲೋಗ್ರಾಂ. ಮೇಲೆತ್ತುವ ಬಲವು ರೆಕ್ಕೆಯ ಕ್ಷೇತ್ರಫಲ ಮತ್ತು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಾದರಿಯಲ್ಲಿ ರೆಕ್ಕೆಯ ಪ್ರತಿ ಚದರ ಮೀಟರಿನ ಹೊರೆ 5 ಪಟ್ಟು ಕಡಿಮೆ. ಆದ್ದರಿಂದ ಅದಕ್ಕೆ ಬೇಕಾದ ವೇಗ 5ರ ವರ್ಗಮೂಲದಷ್ಟು, ಅಂದರೆ 2.24 ಪಟ್ಟು ಮಾತ್ರ ಕಡಿಮೆಯಾಗುತ್ತದೆ. ನಿಜ ವಿಮಾನ ಗಂಟೆಗೆ 110 ಕಿಲೋಮೀಟರಿಗಿಂತ ನಿಧಾನವಾದರೆ ಗಾಳಿಯಲ್ಲಿ ನಿಲ್ಲಲಾರದು ಎನ್ನೋಣ. ಮಾದರಿಗೆ ಈ ಮಿತಿ ಸುಮಾರು 49 ಕಿಲೋಮೀಟರ್. ಹವ್ಯಾಸಿಯು ಮಾದರಿಯನ್ನು ಹಗುರಗೊಳಿಸಿ 9 ಕಿಲೋಗ್ರಾಂಗೆ ಇಳಿಸಿದರೆ ಮಿತಿ ಸುಮಾರು 30 ಕಿಲೋಮೀಟರಿಗೆ ಇಳಿಯುತ್ತದೆ. ಹಗುರತೆಗೆ ಅವರು ಅಷ್ಟೊಂದು ಹೆಣಗಾಡುವುದು ಇದಕ್ಕೇ.

ವೇಗ ಮಾತ್ರವಲ್ಲ, ಕಾಲವೂ ವರ್ಗಮೂಲದಂತೆ ಕುಗ್ಗುತ್ತದೆ. ನಿಯಮದಂತೆ ತೂಗುವ ಮಾದರಿಯ ಹೊರಳಾಟ ನಿಜ ವಿಮಾನದ್ದಕ್ಕಿಂತ 2.24 ಪಟ್ಟು ಚುರುಕು. ಹಡಗಿನ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಈ ಅನುಪಾತವನ್ನು ಬಳಕೆಗೆ ತಂದ. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಲನಚಿತ್ರದಲ್ಲಿ ಸ್ಟೂಕಾ ಬಾಂಬರುಗಳಾಗಿ ಕಾಣಿಸಿಕೊಂಡದ್ದು ರೇಡಿಯೋ ನಿಯಂತ್ರಿತ ಮಾದರಿಗಳು. ಇಂಥ ಮಾದರಿಗಳನ್ನು ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸಿದರೆ ಮಾತ್ರ ಕಣ್ಣಿಗೆ ನಿಜವೆನಿಸುತ್ತದೆ.

ಆದರೆ ಗಾಳಿಯ ಸ್ನಿಗ್ಧತೆ ನಮ್ಮ ಮಾತು ಕೇಳುವುದಿಲ್ಲ. ಜಡತ್ವ ಬಲಕ್ಕೂ ಸ್ನಿಗ್ಧತಾ ಬಲಕ್ಕೂ ಇರುವ ಅನುಪಾತವನ್ನು ಸೂಚಿಸುವ ರೇನಾಲ್ಡ್ಸ್ ಸಂಖ್ಯೆ ಉದ್ದ ಮತ್ತು ವೇಗಗಳ ಗುಣಲಬ್ಧವನ್ನು ಅವಲಂಬಿಸಿದೆ. ನಮ್ಮ ಉದಾಹರಣೆಯಲ್ಲಿ ಅದು 5 ಗುಣಿಸು 2.24, ಅಂದರೆ ಸುಮಾರು 11 ಪಟ್ಟು ಇಳಿಯುತ್ತದೆ. ಫಲವಾಗಿ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯಿಂದ ಬೇಗ ಕಳಚಿಕೊಳ್ಳುತ್ತದೆ. ಸ್ಪಿಟ್‌ಫೈರ್ ರೆಕ್ಕೆಯ ಕಿರಿದಾದ ತುದಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಅದಕ್ಕೆ ಪರಿಹಾರವಾಗಿ ಮಾದರಿಕಾರರು ತುದಿಯ ಮುಂಭಾಗವನ್ನು ಒಂದೆರಡು ಡಿಗ್ರಿ ಕೆಳಕ್ಕೆ ತಿರುಚುತ್ತಾರೆ. ನೋಟಕ್ಕೆ ತದ್ರೂಪವಾದದ್ದು ಹಾರಾಟದಲ್ಲಿ ತದ್ರೂಪವಲ್ಲ.

ಮಾದರಿಯೇ ಗುರುವಾದಾಗ

ಯುದ್ಧವಿಮಾನದ ಅತ್ಯಂತ ಅಪಾಯಕಾರಿ ಪರೀಕ್ಷೆಗಳಲ್ಲಿ ಗಿರಕಿಯೂ ಒಂದು. ರೆಕ್ಕೆಯ ಹಿಡಿತ ತಪ್ಪಿದ ವಿಮಾನ ಬುಗುರಿಯಂತೆ ಸುತ್ತುತ್ತಾ ಕೆಳಗಿಳಿಯುತ್ತದೆ. ಅದರಿಂದ ಹೊರಬರಬಹುದೆ ಎಂಬುದನ್ನು ಯಾರಾದರೂ ಮೊದಲು ಪರೀಕ್ಷಿಸಲೇಬೇಕು. 1973ರಲ್ಲಿ ನಾಸಾ ಸಂಸ್ಥೆ ಎಫ್-15 ವಿಮಾನದ ಎಂಟನೆಯ ಮೂರರಷ್ಟು ಗಾತ್ರದ, ಎಂಜಿನ್ ಇಲ್ಲದ ಮಾದರಿಯನ್ನು ಬಿ-52 ವಿಮಾನದಿಂದ ಕೆಳಕ್ಕೆ ಬಿಟ್ಟಿತು. ಪೈಲಟ್ ಐನಾರ್ ಎನೆವೋಲ್ಡ್‌ಸನ್ ನೆಲದ ಮೇಲೆ ಕುಳಿತು, ದೂರದರ್ಶನದ ಪರದೆಯನ್ನು ನೋಡುತ್ತ ಅದನ್ನು ನಡೆಸಿದ.

ಮಾದರಿಯ ತೂಕ ಸುಮಾರು 1100 ಕಿಲೋಗ್ರಾಂ. 3/8ರ ಘನ ಸುಮಾರು 1/19. 1100ನ್ನು 19ರಿಂದ ಗುಣಿಸಿದರೆ ಸುಮಾರು 21 ಟನ್ ಬರುತ್ತದೆ. ನಿಜವಾದ ಎಫ್-15 ಹಾರುವ ತೂಕವೂ ಇದರ ಆಸುಪಾಸಿನಲ್ಲೇ ಇದೆ. ಮಾದರಿಯ ಚಲನೆ ನಿಜ ವಿಮಾನದ್ದಕ್ಕಿಂತ ಸುಮಾರು 1.6 ಪಟ್ಟು ಚುರುಕಾದ್ದರಿಂದ ಪೈಲಟನಿಗೆ ಯೋಚಿಸಲು ಸಮಯವೂ ಕಡಿಮೆ. ಪ್ರಾಣಾಪಾಯ ಇಲ್ಲದಿದ್ದರೂ ಆತನ ಹೃದಯದ ಬಡಿತ ಸಾಮಾನ್ಯ ಹಾರಾಟಕ್ಕಿಂತ ಬಹಳ ಏರಿದ್ದು ದಾಖಲಾಗಿದೆ. ಮಾದರಿ ಕಲಿಸಿದ ಪಾಠ ನಿಜ ವಿಮಾನವನ್ನು ಗಿರಕಿಗೆ ಒಡ್ಡುವ ಪೈಲಟ್‌ಗಳಿಗೆ ಧೈರ್ಯ ಕೊಟ್ಟಿತು.

ನಮ್ಮ ನೆಲದಲ್ಲಿ

ಬೆಂಗಳೂರಿನಲ್ಲಿ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್ಎಎಲ್ ಸಂಸ್ಥೆ ಮಾರುತ್ ಯುದ್ಧವಿಮಾನವನ್ನು ರೂಪಿಸಿದಾಗ, ಮೊದಲು ಅದೇ ಗಾತ್ರದ ಮರದ ಗ್ಲೈಡರನ್ನು ಕಟ್ಟಿ 1959ರಲ್ಲಿ ಹಾರಿಸಲಾಯಿತು. ಇಲ್ಲಿ ಗಾತ್ರ ಇಳಿಸಿರಲಿಲ್ಲ, ಒಳಗೆ ಪೈಲಟ್ ಕುಳಿತಿದ್ದ. 1961ರ ಜೂನ್‌ನಲ್ಲಿ ಮಾರುತ್ ಅನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಅದೇ ವಿಮಾನದ ಸುಧಾರಿತ ರೂಪವನ್ನು ಪರೀಕ್ಷಿಸುವಾಗ ಅಸುನೀಗಿದರು. ಬೆಂಗಳೂರಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಮುಂದೆ ಇದೇ ನಗರದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಡಿಇ, ‘ಲಕ್ಷ್ಯ’ ಎಂಬ ಪೈಲಟ್‌ರಹಿತ ಗುರಿ ವಿಮಾನವನ್ನು ರೂಪಿಸಿತು.

ಮಾದರಿಯು ಎಲ್ಲ ಅಪಾಯವನ್ನೂ ನೀಗಿಸದು. ಸ್ನಿಗ್ಧತೆಯ ವ್ಯತ್ಯಾಸ, ಎಂಜಿನ್ನಿನ ವರ್ತನೆ, ಲೋಹದ ಬಳಲಿಕೆ ಇವೆಲ್ಲ ಅದರ ಕಣ್ಣಿಗೆ ಪೂರ್ತಿ ಬೀಳುವುದಿಲ್ಲ. ಕೊನೆಗೆ ಮನುಷ್ಯ ಏರಲೇಬೇಕು. ಆದರೆ ಏರುವ ಮುನ್ನ ಅವನಿಗೆ ತಿಳಿದಿರುವುದು ಹೆಚ್ಚಾಗುತ್ತದೆ.

ಶಾಲಾ ಕಾಲೇಜುಗಳಲ್ಲಿ ಮಾದರಿ ಹಾರಿಸಬಯಸುವ ಅಧ್ಯಾಪಕರು 2021ರ ಡ್ರೋನ್ ನಿಯಮಗಳನ್ನು ಮೊದಲು ಓದಬೇಕು. ವಿಮಾನ ನಿಲ್ದಾಣದ ಸುತ್ತ ಹಾರಾಟಕ್ಕೆ ನಿರ್ಬಂಧಗಳಿವೆ. ಹಾರಿಸಲಾಗದಿದ್ದರೂ ಚಿಂತೆಯಿಲ್ಲ. ಥರ್ಮೋಕೋಲ್ ಹಾಳೆಯಿಂದ ಒಂದೇ ಆಕಾರದ ಎರಡು ಗ್ಲೈಡರುಗಳನ್ನು, ಒಂದು ಇನ್ನೊಂದರ ಇಮ್ಮಡಿ ಗಾತ್ರದಲ್ಲಿ, ಮಾಡಿಸಿ. ಹಾಳೆಯ ದಪ್ಪವನ್ನೂ ಇಮ್ಮಡಿಗೊಳಿಸಿ, ಮೂತಿಗೆ ಇಡುವ ಭಾರವನ್ನು 8 ಪಟ್ಟು ಮಾಡಿ. ಗಾಳಿಯಿಲ್ಲದ ಸಭಾಂಗಣದಲ್ಲಿ ಅವು ತೇಲುವ ವೇಗವನ್ನು ವಿದ್ಯಾರ್ಥಿಗಳೇ ಅಳೆಯಲಿ. ಉತ್ತರ 2ರ ವರ್ಗಮೂಲಕ್ಕೆ ಎಷ್ಟು ಹತ್ತಿರ ಬಂತು, ಎಷ್ಟು ದೂರ ಉಳಿಯಿತು, ಏಕೆ ಉಳಿಯಿತು ಎಂದು ಕೇಳಿ. ಎಫ್-15 ಮಾದರಿಯನ್ನು ಬಿ-52ರಿಂದ ಬಿಟ್ಟವರು ಕೇಳಿಕೊಂಡದ್ದೂ ಇದೇ ಬಗೆಯ ಪ್ರಶ್ನೆಯನ್ನು.